ತಂತ್ರಾಂಶದ ಗುಣಮಟ್ಟ: ಸಾಕೆನ್ನುವ ಹಂತ

ತಂತ್ರಾಂಶವೊಂದನ್ನು ಬಳಕೆಗೆ ಬಿಡಬಹುದೇ, ಇನ್ನೂ ತಿದ್ದಬೇಕೇ ಎಂದು ತೀರ್ಮಾನಿಸುವ ಕ್ರಮ. ಪರೀಕ್ಷೆಯಿಂದ ದೋಷ ಉಂಟೆಂದು ತೋರಿಸಬಹುದೇ ಹೊರತು ಇಲ್ಲವೆಂದು ಸಾಧಿಸಲಾಗದು ಎಂಬುದು ಗಣಕ ವಿಜ್ಞಾನಿ ಡೈಕ್‌ಸ್ಟ್ರಾ ಕಾಲದಿಂದ ಒಪ್ಪಿತವಾದ ಮಾತು. ಹೀಗಾಗಿ ಉಳಿದ ದೋಷದ ನಷ್ಟ ಯಾರ ತಲೆಗೆ ಬರುತ್ತದೆ, ತಿದ್ದುವ ದಾರಿ ಇದೆಯೇ ಎಂಬುದೇ ಮುಖ್ಯ ಪ್ರಶ್ನೆ. ಕರ್ನಾಟಕದಲ್ಲಿ ಇದಕ್ಕೆ ದೊಡ್ಡ ನಿದರ್ಶನ, ಜಮೀನಿನ ದಾಖಲೆಗಳನ್ನು ಗಣಕಕ್ಕೇರಿಸಿದ ‘ಭೂಮಿ’ ಯೋಜನೆ.

ಕಂದಾಯ ಇಲಾಖೆಗಾಗಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ರೂಪಿಸಿದ ಈ ತಂತ್ರಾಂಶಕ್ಕೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು (ಜಮೀನಿನ ಹಕ್ಕು, ವಿಸ್ತೀರ್ಣ ತೋರಿಸುವ ದಾಖಲೆಗಳು) ಸೇರಿದವು. ನಮೂದಾದದ್ದನ್ನು ಮುದ್ರಿಸಿ ಗ್ರಾಮ ಲೆಕ್ಕಿಗರ ಕೈಗೆ ಕೊಟ್ಟು, ಹಳೆಯ ಪುಸ್ತಕದೊಂದಿಗೆ ತಾಳೆ ನೋಡಿಸಲಾಯಿತು. ಬಳಿಕ ಕೈಬರಹದ ಪಹಣಿಯ ಚಲಾವಣೆ ನಿಂತು, 15 ರೂಪಾಯಿಗೆ ಮುದ್ರಿತ ಪ್ರತಿ ತಾಲ್ಲೂಕು ಕಚೇರಿಯಲ್ಲೇ ಸಿಗತೊಡಗಿತು. ಅಂದರೆ ಗಣಕದ ಪ್ರತಿ ಕಾಗದಕ್ಕೆ ಸರಿಹೊಂದಿದರೆ ಸಾಕಿತ್ತು. ಕಾಗದ ಹೊಲಕ್ಕೆ ಸರಿಹೊಂದುತ್ತದೆಯೇ ಎಂಬ ಪ್ರಶ್ನೆಯನ್ನು ಬದಿಗಿಡಲಾಯಿತು. ಜಾಣ ಆಯ್ಕೆಯೇ ಸರಿ: ಪ್ರತಿ ಹೊಲವನ್ನೂ ಅಳೆಯಲು ಹೊರಟಿದ್ದರೆ ಯೋಜನೆ ಮುಗಿಯುತ್ತಿರಲಿಲ್ಲ. ಕಾನೂನೂ ಇದಕ್ಕೆ ಒಗ್ಗುವಂತಿತ್ತು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೇ ಕಲಮಿನಂತೆ, ತಪ್ಪೆಂದು ರುಜುವಾಗುವವರೆಗೆ ಪಹಣಿಯ ನಮೂದು ನಿಜವೆಂದೇ ಭಾವಿಸತಕ್ಕದ್ದು.

ಒಂದೇ ಅಳತೆಗೋಲು ಎಲ್ಲೆಡೆ ಸಲ್ಲದು ಎಂಬುದಕ್ಕೆ ಬಳ್ಳಾರಿ ಸೀಮೆ ಒಳ್ಳೆಯ ಉದಾಹರಣೆ. 1953ರವರೆಗೆ ಮದ್ರಾಸಿಗೆ ಸೇರಿದ್ದ ಇಲ್ಲಿ ಜಮೀನನ್ನು ಎಕರೆ-ಸೆಂಟ್ಸ್‌ನಲ್ಲಿ ಹೇಳುವುದು ರೂಢಿ. ಹಳೆಯ ಮೈಸೂರಿನಲ್ಲಿ ಎಕರೆಗೆ 40 ಗುಂಟೆ. ಇಲ್ಲಿ 100 ಸೆಂಟ್ಸ್. ‘3 ಎಕರೆ 75’ ಎಂಬ ನಮೂದು ಮಂಡ್ಯದಲ್ಲಿ ಖಂಡಿತ ತಪ್ಪು, ಬಳ್ಳಾರಿ ಜಿಲ್ಲೆಯ ಸಿರುಗುಪ್ಪದಲ್ಲಿ ಸಹಜ. ಬಾಕಿ 40 ಮೀರಬಾರದೆಂಬ ತಪಾಸಣೆ ಅಲ್ಲಿ ದೋಷ ಹಿಡಿದರೆ, ಇಲ್ಲಿ ತಾನೇ ದೋಷವಾಗುತ್ತದೆ. ಪಹಣಿಯ 3ನೇ ಕಾಲಂನ ವಿಸ್ತೀರ್ಣಕ್ಕೂ 9ನೇ ಕಾಲಂನಲ್ಲಿ ಹಿಡುವಳಿದಾರರ ಹೆಸರಿನ ಮುಂದಿರುವ ವಿಸ್ತೀರ್ಣದ ಮೊತ್ತಕ್ಕೂ ತಾಳೆಯಾಗದಿರುವುದು ಇನ್ನೊಂದು ಬಗೆಯ ದೋಷ. ಗಣಕ ಇದನ್ನು ಕ್ಷಣದಲ್ಲಿ ಪತ್ತೆ ಮಾಡೀತು. ಆದರೆ ಅಣ್ಣತಮ್ಮಂದಿರ ಪೈಕಿ ಯಾರ ಪಾಲು ಹೆಚ್ಚಾಗಿ ಬರೆದಿದೆ ಎಂದು ಹೇಳಲಾರದು.

ಸಾಕೆನ್ನುವ ಹಂತ ಬಳಕೆಯೊಂದಿಗೆ ಮೇಲೇರುತ್ತದೆ. ಪಹಣಿ ಕೇವಲ ಬ್ಯಾಂಕಿಗೆ ಕೊಡುವ ಕಾಗದವಾಗಿದ್ದಾಗ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ನಡೆಯುತ್ತಿತ್ತು. ಪರಿಚಯವಿದ್ದ ಗುಮಾಸ್ತ ಅರ್ಥ ಮಾಡಿಕೊಳ್ಳುತ್ತಿದ್ದ. ರೈತರ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶ ಪಹಣಿಯನ್ನು ಆಧಾರ್‌ಗೆ ಜೋಡಿಸಿದ ಮೇಲೆ ಅದೇ ಅಕ್ಷರ ಬೆಳೆ ಪರಿಹಾರಕ್ಕೋ ಬೆಂಬಲ ಬೆಲೆಯ ಭತ್ತ ಖರೀದಿ ನೋಂದಣಿಗೋ ಅಡ್ಡ ಬರಬಹುದು. ತುಂಗಭದ್ರಾ ಕಾಲುವೆಯ ಭತ್ತ ನಂಬಿದ ಸಿರುಗುಪ್ಪದ ರೈತನಿಗೆ ಇದು ಸಣ್ಣ ವಿಷಯವಲ್ಲ. ಹಳೆಯ ದತ್ತಾಂಶಕ್ಕೆ ಹೊಸ ಕೆಲಸ ಹಚ್ಚುವಾಗಲೆಲ್ಲ ಗುಣಮಟ್ಟವನ್ನು ಮತ್ತೆ ತೂಗಬೇಕು.

ತಿದ್ದುಪಡಿಯ ಅರ್ಜಿ ಹೋಗುವುದು ತಹಸೀಲ್ದಾರ್ ಕಚೇರಿಗೆ. ಹಿಂದೆ ಬಳ್ಳಾರಿ ತಾಲ್ಲೂಕಿಗೆ ಸೇರಿದ್ದ ಕುರುಗೋಡು ಈಗ ತಾನೇ ತಾಲ್ಲೂಕು ಕೇಂದ್ರ; ಹಾಗಾಗಿ ಅಲ್ಲಿನ ರೈತರಿಗೆ ತಿದ್ದುವ ದಾರಿ ಹತ್ತಿರವಾಗಿದೆ.