ಊರ ನೆಲ, ಊರ ನಿರ್ಣಯ

ಮನೆ ಕಟ್ಟುವುದು ಮನೆಯ ಯಜಮಾನನ ಇಚ್ಛೆ. ಆದರೆ ಆ ಮನೆಯ ನೆರಳು ನೆರೆಯವನ ಅಂಗಳಕ್ಕೆ ಬೀಳುತ್ತದೆ. ಅದರ ಬಚ್ಚಲ ನೀರು ಊರ ಓಣಿಯಲ್ಲಿ ಹರಿಯುತ್ತದೆ. ಆದುದರಿಂದಲೇ ಎಲ್ಲಿ ಏನನ್ನು ಕಟ್ಟಬೇಕು, ಎಷ್ಟು ಜಾಗವನ್ನು ಬಯಲಾಗಿ ಬಿಡಬೇಕು ಎಂಬ ವಿಚಾರ ಒಬ್ಬನದಾಗಿ ಉಳಿಯದೆ ಊರಿನದಾಗುತ್ತದೆ. ಕಟ್ಟಲು ಒಬ್ಬನು ಅರ್ಜಿ ಕೊಟ್ಟು, ಬೇಡವೆಂದು ಇನ್ನೊಬ್ಬನು ತಕರಾರು ಹೂಡಿದರೆ ನಿರ್ಣಯ ಹೇಳಬೇಕಾದವರು ಯಾರು? ಅವರು ಯಾವ ಕ್ರಮದಿಂದ ಹೇಳಬೇಕು?

ಊರಿಗೂ ಅರಸನಿಗೂ ನಡುವೆ ಮೇರೆ ಯಾವುದೆಂಬ ವಿಚಾರ ಕನ್ನಡ ನಾಡಿನಲ್ಲಿ ಬಹು ಹಿಂದೆಯೇ ನಡೆದಿತ್ತು. ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ ಪೊರಿಗೆರೆಯೆಂಬ ಹೆಸರಿದ್ದ ಕಾಲ. ಕ್ರಿ.ಶ. ಸುಮಾರು 725ರಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಆ ಊರಿನ ಮಹಾಜನರಿಗೆ, ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ ಒಂದು ಆಚಾರವ್ಯವಸ್ಥೆಯನ್ನು ಕಲ್ಲಿನಲ್ಲಿ ಬರೆಯಿಸಿಕೊಟ್ಟನು. ಊರಿನವರು ಸಲ್ಲಿಸಬೇಕಾದ ತೆರಿಗೆಯನ್ನು ಅದು ನಿಗದಿಗೊಳಿಸಿತು. ಅಷ್ಟೇ ಸ್ಪಷ್ಟವಾಗಿ ರಾಜಪುರುಷರ ಕರ್ತವ್ಯವನ್ನೂ ವಿಧಿಸಿತು. ವಾಸವಿಲ್ಲದ ಮನೆಗಳು, ಹಿಂದಿನ ದತ್ತಿಗಳು, ಅನುಭವಿಸುತ್ತ ಬಂದ ಭೂಮಿ, ಊರ ಮರ್ಯಾದೆ, ಇವೆಲ್ಲವನ್ನು ಅವರು ಕಾಪಾಡಬೇಕಾಗಿತ್ತು. ಅಂದಿನ ಮಹಾಜನಸಭೆಯಲ್ಲಿ ಊರಿನ ಎಲ್ಲ ಕುಲದವರಿಗೂ ಸಮನಾದ ದನಿ ಇತ್ತೆಂದು ಭ್ರಮಿಸಬೇಕಾಗಿಲ್ಲ. ಆದರೂ ಅಧಿಕಾರಕ್ಕೊಂದು ಕಟ್ಟಳೆ ಬೇಕು, ಆ ಕಟ್ಟಳೆ ಎಲ್ಲರ ಕಣ್ಣಿಗೂ ಬೀಳುವಂತಿರಬೇಕು ಎಂಬ ತತ್ತ್ವವನ್ನು ಆ ಶಾಸನ ಸಾರುತ್ತದೆ.

ಇಂದಿನ ನಗರಯೋಜನೆ ಬಂದದ್ದು ರೋಗರುಜಿನಗಳ ಮತ್ತು ಪ್ರವಾಹದ ಬೆನ್ನಲ್ಲಿ. 1898ರ ಪ್ಲೇಗಿನ ತರುವಾಯ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. 1903ರಲ್ಲಿ ಮೈಸೂರು ನಗರದ ಸುಧಾರಣೆಗೆಂದು ಪ್ರತ್ಯೇಕ ಮಂಡಳಿ ಹುಟ್ಟಿತು. ನಮ್ಮ ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿದ್ದಿತು. ಆ ಸಂಸ್ಥಾನದ ರಾಜಧಾನಿ ಹೈದರಾಬಾದಿನಲ್ಲಿ 1908ರ ಮೂಸಿ ನದಿಯ ಮಹಾಪೂರದ ಬಳಿಕ, 1912ರಲ್ಲಿ ಇಂಥದೇ ಮಂಡಳಿ ಏರ್ಪಟ್ಟಿತು. 1956ರಲ್ಲಿ ನಾಡು ಒಂದಾಯಿತು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯದೆ 1965ರಲ್ಲಿ ಜಾರಿಗೆ ಬಂದಿತು. ಯೋಜನೆಯನ್ನು ಮೊದಲು ಪ್ರಕಟಿಸಬೇಕು, ಅದರ ಮೇಲೆ ಜನರ ಅಭಿಪ್ರಾಯವನ್ನು ಕೇಳಬೇಕು ಎಂಬುದು ಅದರ ವಿಧಿ.

ವಿಧಿ ಇದ್ದರೂ ಅದನ್ನು ಮೀರುವ ಆಸೆ ಹೇಗೆ ಮೂಡುತ್ತದೆ ಎಂಬುದಕ್ಕೆ ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಮೊಕದ್ದಮೆಯೇ ನಿದರ್ಶನ. ಅಲ್ಲಿಯ ಒಂದು ಖುಲ್ಲಾ ಜಾಗವನ್ನು ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟಿದ್ದರು. ಆಸ್ಪತ್ರೆ ಕಟ್ಟಲು ಅದೇ ಜಾಗ ಬೇಕೆಂದು ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಸಂಸ್ಥೆ ಬೇಡಿತು. ಮುಖ್ಯಮಂತ್ರಿಗಳ ಅಪ್ಪಣೆಯಾಯಿತು, ಸರ್ಕಾರದ ಆದೇಶ ಹೊರಟಿತು. ಅದರಂತೆ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಠರಾವು ಮಾಡಿ ಜಾಗವನ್ನು ಕೊಟ್ಟಿತು. ಬಡಾವಣೆಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ಆಸ್ಪತ್ರೆ ಬೇಡವೆನ್ನುವವರು ಯಾರು? ಜೀವ ಉಳಿಸುವ ಕಟ್ಟಡದ ಮುಂದೆ ಹುಲ್ಲುಹಾಸು, ನಾಲ್ಕು ಗಿಡಗಳು ದೊಡ್ಡವೇ ಎಂದು ಯಾರಿಗಾದರೂ ತೋರಬಹುದು. ಈ ವಾದಕ್ಕೆ ತೂಕವಿತ್ತು. ಹೈಕೋರ್ಟಿನ ಏಕಸದಸ್ಯ ಪೀಠ ನಿವಾಸಿಗಳ ಅರ್ಜಿಯನ್ನು ತಳ್ಳಿಹಾಕಿತು. ವಿಭಾಗೀಯ ಪೀಠ ಆ ನಿರ್ಣಯವನ್ನು ರದ್ದುಗೊಳಿಸಿ ನಿವಾಸಿಗಳ ಅರ್ಜಿಯನ್ನು ಎತ್ತಿಹಿಡಿಯಿತು. ಕೊನೆಗೆ 1991ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಟಿ.ಕೆ. ಥೊಮ್ಮೆನ್ ಮತ್ತು ಆರ್.ಎಂ. ಸಹಾಯ್ ಅವರು ನಿವಾಸಿಗಳ ಪರವಾಗಿಯೇ ತೀರ್ಪಿತ್ತರು.

ತೀರ್ಪಿನ ಸಾರ ಮೂರು ಬಗೆಯದು. ಎಲ್ಲರಿಗೂ ತೆರೆದ ಉದ್ಯಾನ ಒಂದು ಬಗೆ, ಖಾಸಗಿ ಸಂಸ್ಥೆಯ ಆಸ್ಪತ್ರೆ ಇನ್ನೊಂದು ಬಗೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡಲಾಗದು. ಕಾಯದೆಯು ವಿವೇಚನೆಯನ್ನು ಯಾವ ಸಂಸ್ಥೆಗೆ ಒಪ್ಪಿಸಿದೆಯೋ ಆ ಸಂಸ್ಥೆಯೇ ವಿವೇಚಿಸಬೇಕು. ಮೇಲಿನಿಂದ ಬಂದ ಆದೇಶಕ್ಕೆ ಠರಾವಿನ ಉಡುಪು ತೊಡಿಸಿದ ಮಾತ್ರಕ್ಕೆ ಅದು ನಿರ್ಣಯವೆನಿಸದು. ಜಾಗದ ಖಾತೆಯಲ್ಲಿ ಹೆಸರಿಲ್ಲದ ನಿವಾಸಿಗೂ ಊರ ಬಯಲಿಗಾಗಿ ನ್ಯಾಯ ಕೇಳುವ ಹಕ್ಕುಂಟು. ನ್ಯಾಯಮೂರ್ತಿ ಸಹಾಯ್ ಅವರು ಇತಿಹಾಸವನ್ನೂ ನೆನೆದರು. ಹಿಂದೆ ಉದ್ಯಾನವೆಂಬುದು ಅರಸುಮಕ್ಕಳ ಮತ್ತು ಸಿರಿವಂತರ ವಿಹಾರಭೂಮಿಯಾಗಿತ್ತು. ಸಮಾನತೆಯ ಭಾವನೆ ಬೆಳೆದಂತೆ ಅದು ಜನಸಾಮಾನ್ಯರದಾಯಿತು ಎಂಬುದು ಅವರ ವಿವೇಚನೆ.

ಇದು ದೊಡ್ಡ ಪಟ್ಟಣದ ಕಥೆಯಾಯಿತು, ನಮಗೇನು ಎನ್ನುವಂತಿಲ್ಲ. 1992ರ ಸಂವಿಧಾನ ತಿದ್ದುಪಡಿಗಳು ಪಂಚಾಯತಿಗಳಿಗೂ ನಗರಸಭೆಗಳಿಗೂ ಸಂವಿಧಾನದಲ್ಲಿ ಸ್ಥಾನ ಕೊಟ್ಟವು. ನಗರಸಭೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಮೊದಲನೆಯದು ನಗರಯೋಜನೆ. ಮಾನವಿ ತಾಲೂಕಿನ ಕುರ್ಡಿಯಂಥ ಊರಿನಲ್ಲಿಯೂ ಕಟ್ಟಡಕ್ಕೆ ಗ್ರಾಮ ಪಂಚಾಯತಿಯ ಅನುಮತಿ ಬೇಕು. ದನ ಮೇಯುವ ಗಾಯರಾಣ, ಮಕ್ಕಳು ಆಡುವ ಶಾಲೆಯ ಬಯಲು, ಬಂಡಿ ತಿರುಗುವ ಓಣಿಯ ಮೂಲೆ, ಇವೇ ನಮ್ಮ ಉದ್ಯಾನಗಳು. ಇವುಗಳ ಮೇಲೆ ಅರ್ಜಿ ಬಂದಾಗ ಸದಸ್ಯರು ಮಾಡಬೇಕಾದ ಕೆಲಸ ಸರಳವಾದುದು: ಅರ್ಜಿ ಬಂದ ಸಂಗತಿಯನ್ನು ಊರಿಗೆ ತಿಳಿಸುವುದು, ತಕರಾರು ಇದ್ದವರ ಮಾತನ್ನು ಕೇಳುವುದು, ಒಪ್ಪಲಿ ಬಿಡಲಿ ಕಾರಣವನ್ನು ನಡಾವಳಿ ಪುಸ್ತಕದಲ್ಲಿ ಬರೆಯುವುದು. ಸೋತವನಿಗೂ ತಾನು ಏಕೆ ಸೋತೆನೆಂಬುದು ಆಗ ತಿಳಿಯುತ್ತದೆ. ಮೇಲಿನವರ ಬಳಿಗೆ ಹೋಗುವುದಿದ್ದರೆ ಅದೇ ಅವನ ಕೈಯ ಆಧಾರ.

ಪೊರಿಗೆರೆಯವರಿಗೆ ಆ ಆಧಾರ ಕಲ್ಲಿನ ಮೇಲೆ ಇತ್ತು. ಇಂದಿನವರಿಗೆ ಅದು ಕಾಗದದ ಮೇಲಿದೆ. ಓದಿ ಕೇಳುವವರು ಊರಿನಲ್ಲಿ ಇರುವವರೆಗೆ ಅದಕ್ಕೆ ಬಲವುಂಟು.