ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಹಳ್ಳ

ಪೇಟೆಯಿಂದ ತಂದ ಬಂಗಾರಬಣ್ಣದ ಮೀನು ದುಂಡನೆಯ ಗಾಜಿನ ಬಟ್ಟಲಲ್ಲಿ ಎಂಟು ದಿನಕ್ಕೆ ಸತ್ತರೆ ಮಕ್ಕಳು ಕೇಳುವ ಪ್ರಶ್ನೆ ಇದು: "ಸರ್, ಹಳ್ಳದಾಗ ಯಾರೂ ನೀರು ಬದಲಿ ಮಾಡೂದಿಲ್ಲ, ಅಲ್ಲಿ ಮೀನು ಹ್ಯಾಂಗ ಬದುಕತಾವರಿ?"

ದೊಡ್ಡ ದೊಡ್ಡ ವಿಜ್ಞಾನಿಗಳೂ ಇದಕ್ಕೆ ಉತ್ತರ ಹುಡುಕಿದ್ದಾರೆ. ಕೆಟ್ಟ ಗಾಳಿಯನ್ನು ಸಸ್ಯಗಳು ಸರಿಮಾಡುತ್ತವೆ ಎಂದು 1770ರ ದಶಕದಲ್ಲಿ ಜೋಸೆಫ್ ಪ್ರೀಸ್ಟ್ಲಿ ತೋರಿಸಿದರು. ಅದಕ್ಕೆ ಬಿಸಿಲು ಬೇಕು ಎಂದು 1779ರಲ್ಲಿ ಯಾನ್ ಇಂಗೆನ್‌ಹೌಸ್ ಕಂಡುಕೊಂಡರು. ನಮ್ಮ ವಿಜ್ಞಾನದ ಪಾಠದಲ್ಲಿ ಹೈಡ್ರಿಲ್ಲಾ ಗಿಡದಿಂದ ಗುಳ್ಳೆ ಏಳುವ ಪ್ರಯೋಗ ಇದೆಯಲ್ಲ, ಅದರ ಮೂಲ ಇಲ್ಲಿದೆ.

ಮುಂದೆ 1850ರಲ್ಲಿ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ತಮ್ಮ ಪ್ರಯೋಗವನ್ನು ಪ್ರಕಟಿಸಿದರು. ಗಾಜಿನ ತೊಟ್ಟಿಯಲ್ಲಿ ಮರಳು, ಕಲ್ಲು, ಎರಡು ಮೀನು, ವ್ಯಾಲಿಸ್ನೇರಿಯಾ ಎಂಬ ನೀರುಗಿಡ. ಕೆಲವು ದಿನ ಸರಿಯಿತ್ತು. ಆಮೇಲೆ ಎಲೆ ಕೊಳೆತು ನೀರು ಕದಡಿತು. ಆಗ ಅವರು ಬಸವನಹುಳುಗಳನ್ನು ಬಿಟ್ಟರು. ಹುಳುಗಳು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆಯನ್ನು ಮೀನು ತಿಂದಿತು, ನೀರು ತಿಳಿಯಾಯಿತು. ಗಿಡ, ಹುಳು, ಮೀನು ಮೂರೂ ಒಂದಕ್ಕೊಂದು ಆಸರೆ. 1853ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ "ಅಕ್ವೇರಿಯಂ" ಎಂಬ ಹೆಸರು ಮನೆಮಾತಾಯಿತು.

ಹಾಗಾದರೆ ಮೀನಿನ ವಿದ್ಯೆಯೆಲ್ಲ ಲಂಡನ್ನಿನದೇ? ಅಲ್ಲ. ಉಮರ್ಗಾದಿಂದ ಗಡಿ ದಾಟಿದರೆ ಬಸವಕಲ್ಯಾಣ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ "ಮಾನಸೋಲ್ಲಾಸ" ರಚಿಸಿದ. ಅದರಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ದೊರೆಗೆ ಬೇಕಾದದ್ದು ಗಾಳ ಹಾಕುವ ಆಟ, ಮೀನು ಸಾಕುವುದಲ್ಲ. ಆದರೂ ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸಿ, ಹುರುಪೆ ಇದ್ದವು ಯಾವುವು, ಇಲ್ಲದವು ಯಾವುವು, ಸಮುದ್ರದವು, ನದಿಯವು, ಯಾವುದಕ್ಕೆ ಯಾವ ಆಹಾರ ಎಂದೆಲ್ಲ ಬರೆದಿಟ್ಟ. ಮೀನುಗಳ ತಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಇದರ ಬಗ್ಗೆ ಲೇಖನ ಬರೆದರು.

ನಿಲಂಗಾ, ಉದಗೀರ 1956ರವರೆಗೆ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಆಮೇಲೆ ಗೆರೆ ಬಿತ್ತು. ಮಾಂಜ್ರಾ ನದಿಗೆ ಆ ಗೆರೆ ಗೊತ್ತಿಲ್ಲ. ಅದು ಇಂದಿಗೂ ಲಾತೂರ ಜಿಲ್ಲೆ ದಾಟಿ ಬೀದರಕ್ಕೆ ಹರಿಯುತ್ತದೆ, ಮೀನುಗಳೂ ಹಾಗೆಯೇ.

ಆದ್ದರಿಂದ ಶಾಲೆಯಲ್ಲಿ ಅಕ್ವೇರಿಯಂ ಮಾಡುವುದಾದರೆ ನಮ್ಮ ಹಳ್ಳವೇ ಮಾದರಿಯಾಗಲಿ. ತೊಳೆದ ಮರಳು ಎರಡು ಬೆರಳಷ್ಟು ದಪ್ಪ, ನಾಲ್ಕು ಕಲ್ಲು, ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಕೆಲವು ಬಸವನಹುಳು. ಬೆಳಕು ಬರುವ ಜಾಗದಲ್ಲಿಡಿ, ಆದರೆ ಸುಡುಬಿಸಿಲು ಬೇಡ. ಗಿಡ ಬೇರು ಬಿಟ್ಟು, ಹೊಲಸನ್ನು ಅರಗಿಸುವ ಸೂಕ್ಷ್ಮಜೀವಿಗಳು ಬೆಳೆಯಲು ಮೂರು ನಾಲ್ಕು ವಾರ ಬೇಕು. ಬಟ್ಟಲಿನ ಮೀನು ಸಾಯುವುದು ಈ ತಾಳ್ಮೆ ಇಲ್ಲದ್ದಕ್ಕೆ. ಆಮೇಲೆ ಹಳ್ಳದ ನಾಲ್ಕೈದು ಸಣ್ಣ ಮೀನು ಸಾಕು. ಅಂಗಡಿಯ ಗಪ್ಪಿಯನ್ನು ಮಾತ್ರ ಹಳ್ಳಕ್ಕೆ ಬಿಡಬೇಡಿ. ಅದು ದಕ್ಷಿಣ ಅಮೆರಿಕದ ಮೀನು, ಬೇಗ ಹೆಚ್ಚಿ ಇಲ್ಲಿಯವಕ್ಕೆ ಕುತ್ತು ತರುತ್ತದೆ.

2016ರ ಬರಗಾಲದಲ್ಲಿ ಮಾಂಜ್ರಾ ಅಣೆಕಟ್ಟು ಬತ್ತಿತು, ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ಬಂತು. ಜನರಿಗೆ ರೈಲು ಬಂತು, ಮೀನಿಗೆ ಬರಲಿಲ್ಲ. ಒಂಬತ್ತು ನೂರು ವರ್ಷದ ಹಿಂದೆ ನೆರೆಯ ಕಲ್ಯಾಣದಲ್ಲಿ ಮೀನಿನ ಹೆಸರುಗಳನ್ನು ಬರೆದಿಟ್ಟರು. ನಮ್ಮ ಮಕ್ಕಳಿಗೆ ಇಂದು ಗೋಲ್ಡ್ ಫಿಶ್ ಗೊತ್ತು, ಊರ ಹಳ್ಳದ ಮೀನಿನ ಹೆಸರು ಗೊತ್ತಿಲ್ಲ. ಗಾಜಿನ ಪೆಟ್ಟಿಗೆ ತರುವ ಮೊದಲು ಅಜ್ಜ ಅಜ್ಜಿಯರನ್ನು ಕೇಳಿ, ಆ ಹೆಸರುಗಳನ್ನು ಕನ್ನಡದಲ್ಲಿ ಮಕ್ಕಳಿಂದ ಬರೆಯಿಸಿ. ಹೆಸರು ಗೊತ್ತಿದ್ದರೆ ಹಳ್ಳ ಬತ್ತಿದಾಗ ಏನು ಹೋಯಿತು ಎಂಬುದಾದರೂ ತಿಳಿದೀತು.