ಹಿರಿಯ ಪ್ರಾಥಮಿಕ ಹಂತದ ವಿಜ್ಞಾನ ಶಿಕ್ಷಕರ ವೃತ್ತಿ ವಿಕಾಸ: ಹೋಶಂಗಾಬಾದ್ ಮಾದರಿಯ ಅವಲೋಕನ

ಶಿಕ್ಷಕರ ವೃತ್ತಿ ವಿಕಾಸವನ್ನು ಬಿಡಿ ಶಿಬಿರಗಳಿಗೆ ಸೀಮಿತಗೊಳಿಸದೆ ವರ್ಷವಿಡೀ ನಡೆಯುವ ವ್ಯವಸ್ಥೆಯಾಗಿ ರೂಪಿಸಿದ ಭಾರತೀಯ ಯತ್ನಗಳಲ್ಲಿ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಪ್ರಮುಖವಾದುದು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಕಿಶೋರ್ ಭಾರತಿ ಹಾಗೂ ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸಂಸ್ಥೆಗಳು 1972ರಲ್ಲಿ ಇದನ್ನು ಆರಂಭಿಸಿದವು. 6ರಿಂದ 8ನೇ ತರಗತಿಯವರೆಗಿನ ವಿಜ್ಞಾನ ಬೋಧನೆ ಇದರ ವ್ಯಾಪ್ತಿಯಾಗಿತ್ತು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹರಡಿತು. 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆ ಮುಂದೆ ಅದರ ಹೊಣೆ ಹೊತ್ತಿತು.

ಕಾರ್ಯಕ್ರಮಕ್ಕೆ ಮೂರು ಅಂಗಗಳಿದ್ದವು. ಮೊದಲನೆಯದು ಬೇಸಿಗೆ ರಜೆಯ ದೀರ್ಘ ತರಬೇತಿ. ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನು ಶಿಕ್ಷಕರೇ ಗುಂಪುಗಳಲ್ಲಿ ಮಾಡಿ, ಅಂಕಿಅಂಶ ಬರೆದು, ಚರ್ಚಿಸುತ್ತಿದ್ದರು. ಎರಡನೆಯದು ಮಾಸಿಕ ಸಭೆ. ತರಗತಿಯಲ್ಲಿ ಎದುರಾದ ತೊಡಕುಗಳು ಅಲ್ಲಿ ಚರ್ಚೆಗೆ ಬರುತ್ತಿದ್ದವು. ಮೂರನೆಯದು ಶಾಲಾ ಭೇಟಿ. ಇದರ ಉದ್ದೇಶ ತಪಾಸಣೆಯಲ್ಲ, ನೆರವು. ಶಿಕ್ಷಕರ ಅನುಭವದ ಆಧಾರದ ಮೇಲೆ ‘ಬಾಲ ವೈಜ್ಞಾನಿಕ’ ಪಠ್ಯಪುಸ್ತಕವೂ ಪರಿಷ್ಕರಣೆಗೊಂಡಿತು. ಪ್ರಾಯೋಗಿಕ ಪರೀಕ್ಷೆ ಮತ್ತು ಪುಸ್ತಕ ನೋಡಿ ಬರೆಯುವ ಪರೀಕ್ಷೆ ಜಾರಿಗೆ ಬಂದದ್ದರಿಂದ ಬೋಧನೆಗೂ ಮೌಲ್ಯಮಾಪನಕ್ಕೂ ಹೊಂದಿಕೆ ಏರ್ಪಟ್ಟಿತು.

ಶಿಕ್ಷಕರೇ ಪ್ರಯೋಗ ಮಾಡಬೇಕಾದ ಅಗತ್ಯವನ್ನು ಒಂದು ಪರಿಚಿತ ಪ್ರಯೋಗ ಸ್ಪಷ್ಟಪಡಿಸುತ್ತದೆ. ನೀರಿರುವ ತಟ್ಟೆಯಲ್ಲಿ ಉರಿಯುವ ಮೇಣದಬತ್ತಿ ನಿಲ್ಲಿಸಿ ಗಾಜಿನ ಲೋಟ ಕವುಚಿದರೆ ಬತ್ತಿ ಆರುತ್ತದೆ, ಲೋಟದೊಳಗೆ ನೀರು ಏರುತ್ತದೆ. ಆಮ್ಲಜನಕ ಪೂರ್ತಿ ಮುಗಿದು ಆ ಜಾಗವನ್ನು ನೀರು ತುಂಬಿತು ಎಂಬುದು ರೂಢಿಯ ವಿವರಣೆ. ಆದರೆ ಅದು ಸರಿಯಲ್ಲ. ಅದೇ ಲೋಟದೊಳಗೆ ಎರಡು ಮೂರು ಬತ್ತಿ ಹಚ್ಚಿದರೆ ನೀರು ಇನ್ನೂ ಮೇಲೇರುತ್ತದೆ. ಆದರೆ ಒಳಗಿನ ಆಮ್ಲಜನಕ ಹೆಚ್ಚಿರುವುದಿಲ್ಲ. ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಜ್ವಾಲೆ ಆರುತ್ತದೆ. ನೀರು ಏರಲು ಮುಖ್ಯ ಕಾರಣ ಕಾದ ಗಾಳಿ ತಣಿದು ಕುಗ್ಗುವುದು. ಸ್ವತಃ ಮಾಡಿ ನೋಡಿದ ಶಿಕ್ಷಕ ಮಕ್ಕಳ ಪ್ರಶ್ನೆಗೆ ಅಳುಕುವುದಿಲ್ಲ.

2002ರಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದ ವ್ಯವಸ್ಥೆಯೂ ಆಡಳಿತದ ಬೆಂಬಲವಿಲ್ಲದೆ ಉಳಿಯದೆಂಬುದು ಇದರ ಇನ್ನೊಂದು ಪಾಠ.

ಈ ಅನುಭವ ಇಂದಿಗೂ ಪ್ರಸ್ತುತ. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ವಿಕಾಸವನ್ನು ನಿರೀಕ್ಷಿಸುತ್ತದೆ. ಕರ್ನಾಟಕದಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್), ಕ್ಷೇತ್ರ ಸಂಪನ್ಮೂಲ ಕೇಂದ್ರ, ಸಮೂಹ ಸಂಪನ್ಮೂಲ ಕೇಂದ್ರಗಳ ಜಾಲ ಈಗಾಗಲೇ ಇದೆ. ಸಮೂಹ ಮಟ್ಟದ ಸಮಾಲೋಚನಾ ಸಭೆಗಳು ಸುತ್ತೋಲೆ ಓದುವುದಕ್ಕೆ ಮೀಸಲಾಗದೆ ಪ್ರಯೋಗ ಮತ್ತು ತರಗತಿಯ ಸಮಸ್ಯೆಗಳಿಗೆ ತೆರೆದುಕೊಂಡರೆ ಮಾತ್ರ ಆ ಗಂಟೆಗಳು ಸಾರ್ಥಕವಾಗುತ್ತವೆ.